ಕೊಬ್ಬರಿ ಹೋರಿಯ ಬೆನ್ನು ಹತ್ತಿ

ದೀಪಾವಳಿಯ ಪಟಾಕಿ ಸದ್ದು ಅಡಗುವ ಹೊತ್ತಿಗೆ ಹಾವೇರಿ ಸೀಮೆಯಲ್ಲಿ ಇನ್ನೊಂದು ಹಬ್ಬಕ್ಕೆ ಕಳೆ ಏರುತ್ತದೆ. ಬಲಿಪಾಡ್ಯಮಿಯಂದು ಮೈತೊಳೆಸಿಕೊಂಡು, ಪೂಜೆ ಮಾಡಿಸಿಕೊಂಡು, ಹೋಳಿಗೆ ತಿಂದ ಹೋರಿಗಳು ಅಲ್ಲಿಂದಾಚೆಗೆ ಊರಿಂದೂರಿಗೆ ಹೊರಡುತ್ತವೆ. ಕೊರಳಿಗೆ ಒಣಕೊಬ್ಬರಿಯ ಸರ, ಬೆನ್ನಿಗೆ ಜೂಲ, ಕೊಂಬಿಗೆ ಬಣ್ಣದ ರಿಬ್ಬನ್ನು. ಅಖಾಡದಲ್ಲಿ ಒಂದೊಂದಾಗಿ ಬಿಟ್ಟ ಹೋರಿ ಎರಡೂ ಬದಿ ಕಿಕ್ಕಿರಿದ ಜನರ ನಡುವೆ ಓಡಿ ಆಚೆ ತುದಿ ಮುಟ್ಟಬೇಕು. ಅಷ್ಟರೊಳಗೆ ಅದರ ಕೊರಳಿನ ಕೊಬ್ಬರಿಯನ್ನು ಹುಡುಗರು ಹರಿಯಬೇಕು. ಹರಿದವನು ಗೆದ್ದ, ಹರಿಯಗೊಡದೆ ದಾಟಿತೋ, ಹೋರಿ ಗೆದ್ದಿತು. ಹೋರಿ ಹಬ್ಬ, ಹೋರಿ ಬೆದರಿಸುವ ಸ್ಪರ್ಧೆ ಎಂದೆಲ್ಲ ಕರೆಸಿಕೊಳ್ಳುವ ಈ ಆಟ ಹಾವೇರಿ, ಹಾನಗಲ್ಲ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು ತಾಲ್ಲೂಕುಗಳಲ್ಲಿ, ಇತ್ತ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದ ಕಡೆ ರೈತರ ಮನಸ್ಸನ್ನು ಹಿಡಿದುಕೊಂಡಿದೆ.

ಬೆಂಗಳೂರಿನ ಗೊಟ್ಟಿಗೆರೆಯಲ್ಲಿ ಮನೆ ಮಾಡಿಕೊಂಡ ನಮ್ಮಂಥವರಿಗೆ ಹಾವೇರಿ ದೂರ ಅನ್ನಿಸುವುದಿಲ್ಲ. ಬನ್ನೇರುಘಟ್ಟ ರಸ್ತೆಯಿಂದ ನೈಸ್ ರಸ್ತೆ ಹತ್ತಿದರೆ ಊರನ್ನು ಸುತ್ತಿಹಾಕಿ ತುಮಕೂರು ರಸ್ತೆಗೆ ಇಳಿಯಬಹುದು. ಆಮೇಲೆ ಹಾವೇರಿಯವರೆಗೆ ಒಂದೇ ಹೆದ್ದಾರಿ. ನಮ್ಮ ಭಾಗಕ್ಕೂ ಆ ಸೀಮೆಗೂ ವೀರಗಲ್ಲುಗಳ ಮೂಲಕ ಇರುವ ನಂಟು ಮಾತ್ರ ಈ ರಸ್ತೆಗಿಂತ ಬಹಳ ಹಳೆಯದು. ಇಲ್ಲಿಂದ ಕೂಗಳತೆಯ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರು ಅದರಲ್ಲಿದೆ, ಅದೂ ಕಾಳಗವೊಂದರ ಸುದ್ದಿಯಲ್ಲಿ. ಬೇಗೂರಿನಿಂದ ಒಯ್ದ ದೊಡ್ಡ ವೀರಗಲ್ಲೊಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲುಗಾರರು ಒತ್ತೊತ್ತಾಗಿ ಕಾದಾಡುವ ದೃಶ್ಯ ಅದರ ಮೈತುಂಬ. ಅದೇ ಸಂಗ್ರಹದಲ್ಲಿ ಆತಕೂರಿನ ಶಾಸನವೂ ಇದೆ. ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಅದು ಸಾವಿರ ವರ್ಷದಿಂದ ಹೊತ್ತು ನಿಂತಿದೆ. ಸತ್ತ ಪ್ರಾಣಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆ ನಾಡಿನಲ್ಲಿ ಮನುಷ್ಯನೂ ದನವೂ ಒಟ್ಟಿಗೆ ಬದುಕಿದ ರೀತಿ ಈಗ ಎಲ್ಲೆಲ್ಲಿ, ಯಾವ ರೂಪದಲ್ಲಿ ಉಳಿದಿದೆ ಎಂದು ಕಣ್ಣಾರೆ ನೋಡುವ ಆಸೆ ಬಹುಕಾಲದಿಂದ ಇತ್ತು. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮಗಳು, "ಅಪ್ಪಾ, ನಾನೇ ಗಾಡಿ ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತು ಊರುಗಳ ಕಥೆ ಹೇಳ್ತಾ ಬಾ" ಎಂದಳು. ದೀಪಾವಳಿ ಕಳೆದ ವಾರ ಹೊರಟೆವು.

ಶಿರಾ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಮರ ಕಡಿಮೆಯಾಗಿ ಆಕಾಶ ಅಗಲವಾಗುತ್ತದೆ. ಹಿರಿಯೂರಿನಾಚೆ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ, ಅವುಗಳ ಬುಡದಲ್ಲಿ ಕುರಿಮಂದೆಗಳು ಮೇಯುತ್ತಿರುತ್ತವೆ. ಬಯಲುಸೀಮೆ ಎಂದು ನಾವು ಒಂದೇ ಮಾತಿನಲ್ಲಿ ದಾಟಿಸಿಬಿಡುವ ಈ ಹುಲ್ಲುನೆಲ ದನಗಾಹಿಗಳ ಪಾಲಿಗೆ ನಮ್ಮ ಚರಿತ್ರೆಯ ಅತಿ ಹಳೆಯ ಮನೆ. ಬಳ್ಳಾರಿ, ರಾಯಚೂರಿನ ಬಯಲಿನ ಬೂದಿದಿಬ್ಬಗಳು ನವಶಿಲಾಯುಗದ ದನದ ದೊಡ್ಡಿಗಳು, ಅಲ್ಲಿ ರಾಶಿ ಬಿದ್ದ ಸಗಣಿಯನ್ನು ಮತ್ತೆಮತ್ತೆ ಸುಟ್ಟದ್ದರಿಂದ ಅವು ಎದ್ದವು ಎಂದು ಪುರಾತತ್ತ್ವಜ್ಞರು ಅಗೆದು ತೋರಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿಯ ಜನ ಊರು ಕಟ್ಟಿದ್ದು ದನದ ಸುತ್ತ.

ಚಿತ್ರದುರ್ಗಕ್ಕೆ ಹೋದವರು ಏಳುಸುತ್ತಿನ ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ, ಹೊಂಡದ ಕಟ್ಟೆಯ ಮೇಲೆ ಕೂತು ಇಳಿದುಬರುತ್ತಾರೆ. ನಾವೂ ಹತ್ತಿದೆವು. ಹೆಚ್ಚು ಹೊತ್ತು ಕಳೆದದ್ದು ಮಾತ್ರ ಊರೊಳಗಿನ ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಊರಿನ ಬೆನ್ನಿಗಿರುವ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆತ ನಡೆಸಿದ್ದರು. ಶಾತವಾಹನರ ನಾಣ್ಯಗಳ ಜತೆ ರೋಮನ್ ನಾಣ್ಯಗಳೂ ಸಿಕ್ಕ ನೆಲವದು. ಇಂಥ ಸಂಗ್ರಹದಲ್ಲಿ ಜನ ಕತ್ತಿ, ಫಿರಂಗಿ ಗುಂಡುಗಳ ಮುಂದೆ ನಿಲ್ಲುತ್ತಾರೆ. ವೀರಗಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ಓದಲು ಬಾರದ ಕಲ್ಲು ಎಂದು ದಾಟಿಬಿಡುತ್ತಾರೆ.

ಆದರೆ ವೀರಗಲ್ಲನ್ನು ಓದಲು ಲಿಪಿ ಗೊತ್ತಿರಬೇಕೆಂದಿಲ್ಲ. ಮಾರನೆಯ ದಿನ ಹಾನಗಲ್ಲ ಸೀಮೆಯ ಹಳ್ಳಿಯೊಂದರ ಗುಡಿಯಂಗಳದಲ್ಲಿ, ಹೊಂಗೆ ಮರದ ನೆರಳಿನಲ್ಲಿ, ಎದೆಯೆತ್ತರದ ಕಲ್ಲೊಂದು ಸಿಕ್ಕಿತು. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಎಲ್ಲಕ್ಕಿಂತ ಕೆಳಗಿನ ಪಟ್ಟಿಕೆಯಲ್ಲಿ ಒಂದರ ಮೇಲೊಂದು ಮುಖವಿಟ್ಟ ಹಾಗೆ ದನಗಳ ಹಿಂಡು. ಕೊಂಬುಗಳೆಲ್ಲ ಒಂದೇ ದಿಕ್ಕಿಗೆ ವಾಲಿವೆ, ಯಾರೋ ಹೊಡೆದುಕೊಂಡು ಹೋಗುತ್ತಿರುವುದು ಅಷ್ಟರಲ್ಲೇ ಗೊತ್ತಾಗುತ್ತದೆ. ಹಿಂಡಿಗೆ ಅಡ್ಡ ನಿಂತವನ ಕೈಯಲ್ಲಿ ಬಿಲ್ಲು. ಎದುರಿಗೆ ನಾಲ್ಕಾರು ಜನ. ನಡುವಿನ ಪಟ್ಟಿಕೆಯಲ್ಲಿ ಅದೇ ಮನುಷ್ಯನನ್ನು ಅಪ್ಸರೆಯರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಶಿವಲಿಂಗ, ನಂದಿ, ಕೈಮುಗಿದು ಕೂತ ವೀರ, ಎರಡೂ ಬದಿಗೆ ಸೂರ್ಯ ಚಂದ್ರ. ಕೆಳಗಿನ ದನಗಳಲ್ಲಿ ಒಂದರ ಬೆನ್ನು ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ಗುಡಿಗೆ ಬರುವ ಹೆಂಗಸರು ಅದಕ್ಕೆ ದಿನಾ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರಂತೆ. ತುರುಗಳನ್ನು ಹಿಡಿದೊಯ್ಯಲು ಬಂದವರ ಜತೆ ಕಾದಾಡಿ, ತುರುಗಳನ್ನು ಮರಳಿಸಿ ಸತ್ತವನ ಕಲ್ಲು ಅದು. ನಾಡಿನ ಉದ್ದಗಲಕ್ಕೂ ಇಂಥ ತುರುಗೋಳಿನ ಕಲ್ಲುಗಳಿವೆ. 1196ರಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳ ಮುತ್ತಿಗೆ ಹಾಕಿದ್ದ ಹಾನಗಲ್ಲಿನಂಥ ಸೀಮೆಯಲ್ಲಿ ರಾಜರ ಯುದ್ಧದ ಕಲ್ಲುಗಳಿಗೂ ಬರವಿಲ್ಲ. ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹಿಂಡಿನ ಕಲ್ಲು. ರಾಜ್ಯಕ್ಕಾಗಿ ಸತ್ತವರ ಹೆಸರು ಪಠ್ಯಪುಸ್ತಕದಲ್ಲಿ ಉಳಿಯಿತು. ದನಕ್ಕಾಗಿ ಸತ್ತವನನ್ನು ಅವನ ಊರಿನವರೇ ಕಲ್ಲಿನಲ್ಲಿ ಕೆತ್ತಿ ಉಳಿಸಿಕೊಂಡರು.

ಆ ಗುಡಿಯಿಂದ ಅಖಾಡಕ್ಕೆ ಹೆಚ್ಚು ದೂರವಿರಲಿಲ್ಲ. ದಾರಿಯುದ್ದಕ್ಕೂ ಹೊಸ್ತಿಲ ಬದಿಯಲ್ಲಿ ದೀಪಾವಳಿಗೆ ಇಟ್ಟಿದ್ದ ಸಗಣಿಯ ಪಾಂಡವರು ಒಣಗಿ ನಿಂತಿದ್ದರು, ತಲೆಗೆ ಸಿಕ್ಕಿಸಿದ ಚೆಂಡುಹೂ, ಉತ್ತರಾಣಿ ಕಡ್ಡಿ ಸಮೇತ. ಊರ ಬಾಯಿಯಲ್ಲೇ ಟ್ರ್ಯಾಕ್ಟರುಗಳು, ಟಾಟಾ ಏಸ್ ಗಾಡಿಗಳು ಸಾಲುಗಟ್ಟಿದ್ದವು. ಒಂದೊಂದರ ಹಿಂದೆಯೂ ಒಂದೊಂದು ಹೋರಿ, ಅದರ ಫೋಟೊ ಹಾಕಿದ ಫ್ಲೆಕ್ಸು, ಅದರ ಹೆಸರು ಬರೆದ ಟೀ ಶರ್ಟು ತೊಟ್ಟ ಹುಡುಗರ ದಂಡು. ಪ್ರತಿ ಹೋರಿಗೂ ಹೆಸರಿದೆ, ಬಿರುದಿದೆ, ಅಭಿಮಾನಿ ಬಳಗವಿದೆ. ಎಷ್ಟೋ ಜೂಲಗಳ ಮೇಲೆ ಪುನೀತ್ ರಾಜ್‌ಕುಮಾರ್ ನಗುತ್ತಿದ್ದರು. ಕೊಂಬಿಗೆ ಬಲೂನುಗಳ ಗೊಂಚಲು ಎತ್ತರಕ್ಕೆ ಕಟ್ಟಿದ ಪೀಪಿ ಹೋರಿಗಳು ಒಂದು ಕಡೆ. ಕೊರಳ ತುಂಬ ಕೊಬ್ಬರಿ ಹೊತ್ತವು ಇನ್ನೊಂದು ಕಡೆ. ಹಲಗೆಯ ಸದ್ದು, ಮೈಕಿನ ಕೂಗು, ಮಿರ್ಚಿ ಕರಿಯುವ ಎಣ್ಣೆಯ ವಾಸನೆ, ಮಂಡಕ್ಕಿ ಕಲಸುವವರ ಕೈಚಳಕ.

ಹೋರಿ ಹೊರಡುವ ಜಾಗದ ಹಿಂದೆ, ಬೇವಿನ ಮರಕ್ಕೆ ಕಟ್ಟಿದ್ದ ಬೂದುಬಣ್ಣದ ಹೋರಿಯೊಂದರ ಪಕ್ಕ ಯಜಮಾನರೊಬ್ಬರು ಕೂತಿದ್ದರು. ಬಿಳಿ ಧೋತರ, ತಲೆಗೆ ಟೋಪಿ. ಹೋರಿಯ ಕೊಂಬುಗಳು ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು, ತುದಿಯಲ್ಲಿ ಸೂಜಿಯಷ್ಟು ಮೊನಚಾಗಿದ್ದವು. ಹಣೆಯ ನಡುವೆ ಉದ್ದಕ್ಕೂ ಒಂದು ತಗ್ಗು. ಯಜಮಾನರು ಅಂಗೈಯಿಂದ ಆ ತಗ್ಗನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸವರುತ್ತಿದ್ದರು. ಸವರುವಷ್ಟು ಹೊತ್ತು ಹೋರಿ ಕಣ್ಣುಮುಚ್ಚುತ್ತಿತ್ತು, ನಿಲ್ಲಿಸಿದರೆ ತಲೆಯಿಂದ ಅವರ ಮೊಣಕಾಲನ್ನು ನೂಕುತ್ತಿತ್ತು.

"ಯಾವ ತಳಿ ಯಜಮಾನ್ರೇ?" ಎಂದು ಕೇಳಿದೆ.

"ಅಮೃತ್ ಮಹಲ್ ರೀ. ಅಜ್ಜಂಪುರದ ಹರಾಜಿನಾಗ ಹಿಡದದ್ದು. ಕರು ಇದ್ದಾಗ ತಂದೇವಿ. ಮನ್ಯಾಗ ಹುಡುಗ್ರಗಿಂತ ಹೆಚ್ಚು ಜ್ವಾಕಿ ಮಾಡೇವ್ರಿ ಇದನ್ನ."

"ಏನೇನು ತಿನ್ನಿಸ್ತೀರಿ?"

"ಹುರಳಿ ಐತಿ, ಹತ್ತಿಕಾಳು ಐತಿ, ತತ್ತಿನೂ ಕುಡಸ್ತೇವಿ. ದಿನಾ ಕೆರ್‍ಯಾಗ ಈಜು ಹೊಡಸ್ತೇವಿ. ಆದ್ರ ಮೊದ್ಲ ಬೇಕಾದ್ದು ಹುಲ್ಲು ನೋಡ್ರಿ. ಬಯಲಿನ್ಯಾಗ ಮೇದು ಬೆಳದ ದನದ ಕಾಲಿನ್ಯಾಗ ಇರೋ ಕಸುವು ದನದ ಮನ್ಯಾಗ ಕಟ್ಟಿ ಹಾಕಿದ್ದಕ್ಕ ಬರಂಗಿಲ್ಲ. ಈಗ ಮೇಯಾಕ ಬಿಡೋಣ ಅಂದ್ರ ಬಯಲ ಎಲ್ಲೈತ್ರಿ?"

ಮಗಳು ಹೋರಿಯನ್ನು ಮುಟ್ಟಲು ಕೈಚಾಚಿ ಹಿಂಜರಿದಳು. "ಮುಟ್ಟವ್ವಾ, ಏನೂ ಮಾಡಂಗಿಲ್ಲ. ಮಂದಿ ಕೂಗಿದ್ರ ಮಾತ್ರ ಅದಕ್ಕ ಬ್ಯಾರೇನ ಆಗ್ತೈತಿ" ಎಂದರು ಯಜಮಾನರು.

ಮುಂದೆ ನಡೆದದ್ದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು. ಮೈಕಿನಲ್ಲಿ ಹೆಸರು ಕೂಗಿದರು. ಜನ ಗೋಡೆಯ ಹಾಗೆ ಎರಡು ಕಡೆಗೂ ಸರಿದರು. ಹಗ್ಗ ಬಿಚ್ಚಿದ ಕೂಡಲೇ ಆ ಬೂದು ಹೋರಿ, ನನ್ನ ಕಣ್ಣೆದುರೇ ಕಣ್ಣುಮುಚ್ಚಿ ಹಣೆ ಸವರಿಸಿಕೊಂಡಿದ್ದ ಅದೇ ಹೋರಿ, ನೆಲ ಬಿಟ್ಟು ಎದ್ದಿತು. ಮೊದಲ ಇಬ್ಬರು ಹುಡುಗರು ಕೊರಳಿಗೆ ಜೋತುಬೀಳಲು ಹಾರಿದರು. ಅದು ತಲೆ ಕೊಡವಿದ ಒಂದೇ ಏಟಿಗೆ ಪಕ್ಕಕ್ಕೆ ಉರುಳಿದರು. ಮೂರನೆಯವನ ಕೈಗೆ ಸರ ಸಿಕ್ಕಿತು, ಒಂದಷ್ಟು ಮಾರು ದೂರ ಅವನ ಕಾಲು ನೆಲಕ್ಕೆ ತಾಗಲಿಲ್ಲ, ಆಮೇಲೆ ಸರ ಅವನ ಕೈಯಿಂದಲೂ ಜಾರಿತು. ಹೋರಿ ಧೂಳಿನೊಳಗೆ ಕರಗಿ ಆಚೆ ತುದಿಯ ಗದ್ದೆಯಲ್ಲಿ ಕಾಣಿಸಿಕೊಂಡಿತು. ಬಿದ್ದ ಹುಡುಗರು ಧೂಳು ಕೊಡವಿ ಎದ್ದು, ದಾಟಿಹೋದ ಹೋರಿಯತ್ತ ಕೈಯೆತ್ತಿ ಮುಗಿದರು. ಸೋತವರು ಗೆದ್ದ ಪ್ರಾಣಿಗೆ ಮುಗಿದ ಆ ಕೈ ಈ ಆಟದ ಒಳಗಿರುವ ಗೌರವವನ್ನು ನನಗೆ ತೋರಿಸಿಕೊಟ್ಟಿತು. ಹೆಸರುಮಾಡಿದ ಹೋರಿ ತೀರಿಕೊಂಡರೆ ಈ ಊರುಗಳಲ್ಲಿ ಹೂವಿನ ಅಲಂಕಾರ ಮಾಡಿ ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುತ್ತಾರೆ, ಸಮಾಧಿ ಕಟ್ಟುತ್ತಾರೆ. ಬೇಟೆನಾಯಿ ಕಾಳಿಗೆ ಕಲ್ಲು ನಿಲ್ಲಿಸಿದವರ ಮೊಮ್ಮಕ್ಕಳು ಇವರು.

ಈ ಆಟದ ನೋವನ್ನೂ ಹೇಳಲೇಬೇಕು. ಪ್ರತಿವರ್ಷ ಗಾಯಗಳಾಗುತ್ತವೆ, ಜೀವಗಳೂ ಹೋಗಿವೆ. ಸತ್ತವರಲ್ಲಿ ಎಷ್ಟೋ ಜನ ಆಟಕ್ಕೆ ಇಳಿದವರೇ ಅಲ್ಲ, ನೋಡಲು ನಿಂತವರು. ಹೋರಿಗೂ ಹಿಂಸೆಯಾಗುತ್ತದೆಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಸಾವಿರಾರು ಜನರ ಕೂಗು ಯಾವ ಪ್ರಾಣಿಗೂ ಹಿತವಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದಾಗ ದೇಶದ ಹಲವೆಡೆ ಇಂಥ ಆಟಗಳು ನಿಂತವು. ತಮಿಳುನಾಡು, ಮಹಾರಾಷ್ಟ್ರಗಳ ಹಾಗೆ ಕರ್ನಾಟಕವೂ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟಗಳಿಗೆ ದಾರಿ ಮಾಡಿಕೊಟ್ಟಿತು. ಆ ತಿದ್ದುಪಡಿಗಳನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಕಾನೂನು ದಾರಿ ಬಿಟ್ಟಿದೆ ಎಂದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಗಟ್ಟಿಯಾದ ಬೇಲಿ, ಕುಡಿದವರನ್ನು ಒಳಗೆ ಬಿಡದ ನಿಯಮ, ಅಖಾಡದ ಪಕ್ಕದಲ್ಲೇ ಆಂಬುಲೆನ್ಸು, ಪಶುವೈದ್ಯರು, ಮಕ್ಕಳಿಗೆ ಎತ್ತರದ ಜಾಗ, ಇಷ್ಟೂ ಇಲ್ಲದ ಕಡೆ ಹೋರಿ ಬಿಡಬಾರದು. ಈ ಹಬ್ಬವನ್ನು ಪ್ರೀತಿಸುವವರೇ ಮೊದಲು ಈ ಮಾತು ಆಡಬೇಕು. ಒಬ್ಬ ತಾಯಿಯ ಮಗನನ್ನು ಬಲಿ ತೆಗೆದುಕೊಂಡ ಹಬ್ಬ ಮರುವರ್ಷ ಆ ಊರಿನಲ್ಲಿ ಹಬ್ಬವಾಗಿ ಉಳಿಯುವುದಿಲ್ಲ.

ರಾತ್ರಿ ಹಾವೇರಿಯಲ್ಲಿ ತಂಗಿದೆವು. ಬೆಳಗ್ಗೆ ಪುರದ ಸಿದ್ಧೇಶ್ವರ ದೇವಾಲಯಕ್ಕೆ ಹೋದೆವು. ಚಾಲುಕ್ಯರ ಕಾಲದ ಈ ಗುಡಿಯ ಮುಖ ಪಶ್ಚಿಮಕ್ಕೆ. ಹಿತವಾದ ಎಳೆಬಿಸಿಲಿನಲ್ಲಿ ಒಂದು ಸುತ್ತು ಹಾಕಿ ಶಿಗ್ಗಾವಿಯ ದಾರಿ ಹಿಡಿದೆವು. ಗೊಟಗೋಡಿಯ ಹೆದ್ದಾರಿ ಬದಿಯ ಉತ್ಸವ್ ರಾಕ್ ಗಾರ್ಡನ್ ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು. ಸಿಮೆಂಟಿನಲ್ಲಿ ಆಳೆತ್ತರದ ಮನುಷ್ಯರನ್ನು, ದನಕರುಗಳನ್ನು ಮಾಡಿ ಉತ್ತರ ಕರ್ನಾಟಕದ ಇಡೀ ಹಳ್ಳಿಯನ್ನೇ ಅಲ್ಲಿ ನಿಲ್ಲಿಸಿದ್ದಾರೆ. ಕಮ್ಮಾರನ ಕುಲುಮೆ, ಬಡಿಗನ ಉಳಿ, ಗೌಡರ ಮನೆಯ ಕಟ್ಟೆ, ಸಂತೆಯ ಗದ್ದಲ, ಕೊರಳಿಗೆ ನೊಗ ಹೊತ್ತ ಎತ್ತು. ಹತ್ತಿರ ಹೋಗಿ ನೋಡಿದರೆ ಮುದುಕನ ಕುತ್ತಿಗೆಯ ನರ, ಎತ್ತಿನ ಮೂಗುದಾರದ ಗಂಟು ಎಲ್ಲವೂ ಅದರದರ ಜಾಗದಲ್ಲಿವೆ. ಕೈಕೆಲಸದ ಕಾಲ ಕಣ್ಮರೆಯಾಗುವುದನ್ನು ಕಣ್ಣಾರೆ ಕಂಡ ಒಬ್ಬ ಕಲಾವಿದ, ಅದು ಪೂರಾ ಮರೆಯಾಗುವ ಮೊದಲೇ ಅದರ ಅಚ್ಚು ತೆಗೆದಿಟ್ಟ. ಅದೇ ಊರಿನಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ. ಶಾಲೆಯ ಮಕ್ಕಳು ಬಸ್ಸಿಳಿದು ಸಾಲಾಗಿ ಒಳಗೆ ಬರುತ್ತಿದ್ದರು. ನೊಗ, ಕೂರಿಗೆ, ಮಿಣಿಗಳನ್ನು ಬೆರಳು ತೋರಿಸಿ ಶಿಕ್ಷಕಿ ಹೆಸರು ಹೇಳಿಕೊಡುತ್ತಿದ್ದರು.

ಅಮೆರಿಕದ ವಯೋಮಿಂಗ್ ಸೀಮೆಯ ಕೋಡಿ ಎಂಬ ಪಟ್ಟಣ ಅಲ್ಲಿ ನೆನಪಿಗೆ ಬಂತು. 'ಬಫಲೋ ಬಿಲ್' ಎಂದು ಹೆಸರಾದ ವಿಲಿಯಂ ಕೋಡಿ 1890ರ ದಶಕದಲ್ಲಿ ಕಟ್ಟಿದ ಊರು ಅದು. ಒಂದೇ ಸೂರಿನಡಿ ಐದು ವಸ್ತುಸಂಗ್ರಹಾಲಯಗಳು. ಬೇಸಿಗೆಯಲ್ಲಿ ರಾತ್ರಿ ರಾತ್ರಿ ರೋಡಿಯೊ. ರಸ್ತೆ ಪ್ರವಾಸಕ್ಕೆ ಹೊರಟವರೆಲ್ಲ ಹಗಲು ಮ್ಯೂಸಿಯಂ ನೋಡಿ, ಸಂಜೆ ಗೂಳಿಯ ಬೆನ್ನೇರುವ ಕೌಬಾಯ್‌ಗಳನ್ನು ನೋಡಿ ಮುಂದಿನ ಊರಿಗೆ ಹೋಗುತ್ತಾರೆ. ಕೋಡಿ ತನ್ನ 'ವೈಲ್ಡ್ ವೆಸ್ಟ್' ಪ್ರದರ್ಶನವನ್ನು ಶುರುಮಾಡಿದ್ದು 1883ರಲ್ಲಿ. ಮುಳ್ಳುತಂತಿಯ ಬೇಲಿ ಬಂದು ಬಟಾಬಯಲಿನ ಹುಲ್ಲುಗಾವಲು ಹೋಳು ಹೋಳಾಗುತ್ತಿದ್ದ ಕಾಲ ಅದು. ದನಗಾಹಿಯ ದುಡಿಮೆ ಕೊನೆಯಾಗುತ್ತಿದ್ದಾಗಲೇ ಅವನ ಆಟ ಟಿಕೆಟ್ಟಿನ ಪ್ರದರ್ಶನವಾಯಿತು. ಹುಲ್ಲು ಮುಗಿದ ಮೇಲೆ ಉಳಿಯುವುದು ಅಖಾಡ ಮತ್ತು ವಸ್ತುಸಂಗ್ರಹಾಲಯ. ನಾವು ಇನ್ನೂ ಅಷ್ಟು ದೂರ ಬಂದಿಲ್ಲ. ಇದನ್ನು ನಂಬಬೇಕಾದರೆ ಕಾವಲುಗಳನ್ನು, ಅಂದರೆ ದನಗಳಿಗೆಂದೇ ಕಾದಿಟ್ಟ ಹುಲ್ಲುಗಾವಲುಗಳನ್ನು ನೋಡಬೇಕು.

ಅದಕ್ಕಾಗಿಯೇ ಹಿಂದಿರುಗುವಾಗ ಹೆದ್ದಾರಿ ಬಿಟ್ಟು, ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು, ಚನ್ನಗಿರಿಯ ಮೇಲೆ ಅಜ್ಜಂಪುರಕ್ಕೆ ಬಂದೆವು. ಚಿಕ್ಕಮಗಳೂರು ಎಂದರೆ ಕಾಫಿ ತೋಟ ಎಂದುಕೊಂಡವರಿಗೆ ಅಜ್ಜಂಪುರದ ಬಯಲು ಬೇರೆಯೇ ಲೋಕ. ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು ಇಲ್ಲಿ. ಯಜಮಾನರ ಬೂದು ಹೋರಿಯ ತವರುಮನೆ.

ಈ ದನಗಳ ಕಥೆ ಮೈಸೂರು ಅರಮನೆಯಿಂದ ಶುರುವಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಅರಮನೆಯ ಹಾಲು ಬೆಣ್ಣೆಗೆಂದು ದನ ಸಾಕುತ್ತಿತ್ತು, ಅವಕ್ಕೆ ನಾಡಿನ ನಾನಾ ಕಡೆ ಕಾವಲುಗಳನ್ನು ಬಿಟ್ಟಿತ್ತು. ಹೈದರನ ಕಾಲಕ್ಕೆ ಈ ದನಗಳು ಸೇನೆಯ ಬೆನ್ನೆಲುಬಾದವು. ಚಿದಂಬರದ ರಕ್ಷಣೆಗೆ ಅವನ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಫಿರಂಗಿ ಎಳೆದ ಈ ಎತ್ತುಗಳಿಂದ ಎಂದು ಹಳೆಯ ದಾಖಲೆಗಳು ಹೇಳುತ್ತವೆ. ಟಿಪ್ಪು ಇಲಾಖೆಗೆ 'ಅಮೃತ್ ಮಹಲ್' ಎಂದು ಹೆಸರಿಟ್ಟು ದನಗಳ ಸಾಕಣೆಗೆ ನಿಯಮಗಳನ್ನೇ ಬರೆಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹಿಂಡುಗಳು ಬ್ರಿಟಿಷರ ಪಾಲಾದವು. ಮಾರನೆಯ ವರ್ಷ ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಧೋಂಡಿಯಾ ವಾಘನ ಬೆನ್ನಟ್ಟಿ ಆರ್ಥರ್ ವೆಲ್ಲೆಸ್ಲಿಯ ಸೇನೆ ರಾಣೆಬೆನ್ನೂರಿನ ಕಡೆ ಹೋಯಿತು, ನಾವು ಬಂದದ್ದೂ ಅದೇ ಸೀಮೆಯನ್ನು ದಾಟಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆತ ಸ್ಪೇನಿನ ಯುದ್ಧದಲ್ಲಿದ್ದಾಗ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಂಬಲಿಸಿದ್ದನಂತೆ. 1860ರಲ್ಲಿ ಖರ್ಚು ಉಳಿಸಲು ಸರ್ಕಾರ ಹಿಂಡುಗಳನ್ನೆಲ್ಲ ಮಾರಿಹಾಕಿತು. ಸೇನೆಗೆ ಎತ್ತು ಸಿಗದೆ ಒದ್ದಾಡಿದಾಗ ಕೆಲವೇ ವರ್ಷಗಳಲ್ಲಿ ಮತ್ತೆ ಕೂಡಿಹಾಕಿತು. ಕಳೆದುಕೊಂಡದ್ದನ್ನು ಮತ್ತೆ ಕಟ್ಟಿಕೊಳ್ಳುವ ಅವಕಾಶ ಆಗ ಇತ್ತು. ಏಕೆಂದರೆ ದನ ಹೋಗಿದ್ದರೂ ಹುಲ್ಲು ಉಳಿದಿತ್ತು.

ಕಾವಲುಗಳ ಏರ್ಪಾಡು ಜಾಣತನದ್ದು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು. ಕೆರೆಯಂಗಳದಲ್ಲಿ ಹಸಿರು ಉಳಿಯುವ ನೆಲ ಬೇಸಿಗೆಗೆ, ಕಲ್ಲುಬಯಲು ಮಳೆಗಾಲಕ್ಕೆ. ಹಿಂಡು ಒಂದರಿಂದೊಂದಕ್ಕೆ ನಡೆಯುತ್ತ ಹೋದಂತೆ ಹಿಂದೆ ಬಿಟ್ಟ ನೆಲದಲ್ಲಿ ಹುಲ್ಲು ಮತ್ತೆ ಏಳುತ್ತಿತ್ತು. ತಲೆಮಾರುಗಳಿಂದ ಇದನ್ನು ನಡೆಸಿಕೊಂಡು ಬಂದವರು ಕಿಲಾರಿಗಳು, ಗೊಲ್ಲರು. ಮಾರನೆಯ ದಿನ ಕೇಂದ್ರದ ದನಗಾಹಿಯೊಬ್ಬರು ದೂರದ ಹಿಂಡಿನತ್ತ ಮುಖಮಾಡಿ ಒಂದು ಹೆಸರು ಹಿಡಿದು ಕೂಗಿದರು. ಮುಂಜಾವಿನ ಮಂಜಿನಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದ ಅಷ್ಟೂ ದನಗಳಲ್ಲಿ ಒಂದೇ ಹಸು ತಲೆಯೆತ್ತಿತು. "ಅವಕ್ಕೆ ಅವುಗಳ ಹೆಸರು ಗೊತ್ತು ಸಾ. ಬೇರೆಯವರು ಹತ್ರ ಹೋದ್ರೆ ಹಾಯ್ತವೆ, ನಮ್ಮ ದನಿ ಕೇಳಿದ್ರೆ ನಿಂತ್ಕತವೆ" ಎಂದರು. ಆ ಹಸು ನಿಧಾನಕ್ಕೆ ಹಿಂಡು ಬಿಟ್ಟು ನಮ್ಮತ್ತ ನಡೆದುಬಂತು, ಅರ್ಧ ದಾರಿಯಲ್ಲಿ ನಮ್ಮ ವಾಸನೆ ಹತ್ತಿತೇನೋ, ನಿಂತು ಕಿವಿ ನಿಮಿರಿಸಿ ನೋಡಿತು. ಕೈಬೀಸಿ ಹೋಗೆಂದಾಗ ಮಾತ್ರ ತಿರುಗಿ ಹೋಯಿತು. ಈ ವಿದ್ಯೆಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡಲು ಬರುವುದಿಲ್ಲ. ಕೂಗುವ ದನಿ, ತಲೆಯೆತ್ತುವ ಹಸು, ಅವೆರಡರ ನಡುವಿನ ಬಯಲು, ಮೂರೂ ಇದ್ದರೆ ಮಾತ್ರ ಇದು ಇದೆ.

ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಮೀರಿ ಹರಡಿದ್ದ ಅಮೃತ್ ಮಹಲ್ ಕಾವಲುಗಳಲ್ಲಿ ಬಹುಪಾಲು ಈಗ ಇಲ್ಲ. ಸಾಗುವಳಿಗೆ ಹೋದದ್ದು ಕೆಲವು, ನೆಡುತೋಪುಗಳಾದದ್ದು ಕೆಲವು, ಒತ್ತುವರಿಯಾದದ್ದು ಕೆಲವು. ಚಳ್ಳಕೆರೆ ತಾಲ್ಲೂಕಿನ ದೊಡ್ಡ ಉಳ್ಳಾರ್ತಿ, ಕುದಾಪುರ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಮೇವಿನ ಹಕ್ಕಿಗಾಗಿ ಸುತ್ತಲ ಹಳ್ಳಿಗಳ ಜನ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ವಿಜ್ಞಾನ ಬೇಕು, ರಕ್ಷಣೆ ಬೇಕು. ಆದರೆ ಹುಲ್ಲುಗಾವಲನ್ನು ಬಂಜರು ಎಂದು ಬರೆದುಕೊಂಡು ಕೊಟ್ಟುಬಿಡುವ ಲೆಕ್ಕ ತಪ್ಪು. ಅದರಲ್ಲಿ ದನ ಮಾತ್ರ ಬದುಕುವುದಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಅಲ್ಲಿಯ ಕೃಷ್ಣಮೃಗಗಳಿಗಾಗಿ. ತೋಳಗಳೂ ಅಲ್ಲಿ ಮರಿ ಮಾಡಿಕೊಂಡಿವೆ. ರಾಣೆಬೆನ್ನೂರಿನಲ್ಲಿ 1974ರಲ್ಲೇ ಕೃಷ್ಣಮೃಗಗಳಿಗೆ ಅಭಯಾರಣ್ಯ ಮಾಡಿದರೂ, ಬಯಲಿನ ಬಹುಭಾಗವನ್ನು ನೀಲಗಿರಿ ತೋಪು ನುಂಗಿತು. ಆ ಬಯಲಿನಲ್ಲಿದ್ದ ಎರೆಭೂತ ಹಕ್ಕಿ ಕಣ್ಮರೆಯಾಯಿತು. ಮರ ನೆಟ್ಟರೆ ಎಲ್ಲ ನೆಲಕ್ಕೂ ಒಳ್ಳೆಯದೆಂದು ನಂಬಿದವರು ಹುಲ್ಲಿಗೂ ಒಂದು ಕಾಡಿನ ಬೆಲೆ ಇದೆ ಎಂಬುದನ್ನು ಮರೆತರು.

ಬೀರೂರು ದಾಟಿ ಕಡೂರು, ಅರಸೀಕೆರೆ, ತಿಪಟೂರಿನ ದಾರಿಯಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ತೆಂಗಿನ ತೋಟಗಳು ಶುರುವಾದ ಮೇಲೆ, "ಅಪ್ಪಾ, ಕಲ್ಲನ್ನ ನೋಡಿಕೊಳ್ಳೋಕೆ ಪುರಾತತ್ತ್ವ ಇಲಾಖೆ ಇದೆ. ಹೋರಿಗೆ ಅಭಿಮಾನಿ ಬಳಗ ಇದೆ. ಕಾವಲಿಗೆ ಯಾರಿದ್ದಾರೆ?" ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರ ನಮ್ಮಲ್ಲೇ ಇದೆ ಎಂದು ನಾನು ನಂಬುತ್ತೇನೆ. ಹೋರಿ ಹಬ್ಬದ ಸಮಿತಿಗಳು ಬೈಕು, ಬಂಗಾರ, ಫ್ರಿಜ್ಜು ಬಹುಮಾನ ಕೊಡುವಷ್ಟು ಹಣ ಕೂಡಿಸಬಲ್ಲವು. ಒಂದೊಂದು ಹೋರಿಯ ಹಿಂದೆ ನೂರಾರು ಹುಡುಗರು ನಿಲ್ಲಬಲ್ಲರು. ಅದೇ ಸಮಿತಿ ತನ್ನ ಊರಿನ ಗೋಮಾಳದ ಗಡಿಗುರುತು ಹಾಕಿಸಿ, ಒತ್ತುವರಿ ತೆರವು ಮಾಡಿಸಿ, ಬೇಲಿ ನಿಲ್ಲಿಸುವುದನ್ನೂ ಹಬ್ಬದ ಕೆಲಸ ಎಂದುಕೊಂಡರೆ, ಆ ನೂರು ಹುಡುಗರ ಬಲದೆದುರು ಯಾವ ಒತ್ತುವರಿದಾರ ನಿಂತಾನು? ಗೋಮಾಳ ಕಾಯ್ದ ಊರಿನ ಹೋರಿಗೆ ಅಖಾಡದಲ್ಲಿ ಮೊದಲ ಓಟದ ಗೌರವ ಕೊಡಲಿ. ಸರ್ಕಾರ ಉಳಿದಿರುವ ಅಮೃತ್ ಮಹಲ್ ಕಾವಲುಗಳನ್ನು ಬೇರೆ ಯಾವ ಉದ್ದೇಶಕ್ಕೂ ಕೊಡುವುದಿಲ್ಲವೆಂದು ಗಟ್ಟಿಯಾಗಿ ಹೇಳಲಿ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೊರಡುವ ನಾವು ಕೋಟೆ ಕಂಡು ಬರುವಾಗ ಒಂದು ಕಾವಲನ್ನೂ ಕಂಡು ಬರೋಣ, ಅದರ ಹೆಸರು ಮಕ್ಕಳಿಗೆ ಹೇಳಿಕೊಡೋಣ; ಹೆಸರು ಗೊತ್ತಿರುವ ನೆಲವನ್ನು ಬಂಜರೆಂದು ಬರೆಯುವುದು ಕಷ್ಟ. ತುರುಗಳನ್ನು ಮರಳಿ ತಂದವನಿಗೆ ನಮ್ಮ ಹಿರಿಯರು ಕಲ್ಲು ನಿಲ್ಲಿಸಿದರು. ತುರು ಮೇಯುವ ನೆಲವನ್ನು ಮರಳಿ ತರುವ ಸರದಿ ಈಗ ನಮ್ಮದು.